ಕೊಡಗಿನ ಅಳಿಯ ಕಾಯಿಸಿದ ಹುಂಜ!

(ಬಾಳೆಲೆಯಿಂದ)

‘ಏಕ್ ಥಾ ಟೈಗರ್’ (2012) ನೋಡಿದ್ದೀರಲ್ಲ? ಸಲ್ಮಾನ್ ಖಾನನಿಗೇ ಆರ್ಡರ್ ಕೊಡುವ ಆ ಗಂಭೀರ ಬಾಸ್ ಶೆಣೈ ಯಾರು ಹೇಳಿ? ನಮ್ಮ ಗಿರೀಶ್ ಕಾರ್ನಾಡ್! ಬಾಳೆಲೆ ಬಸ್ ಸ್ಟಾಂಡಿನಲ್ಲಿ ಗೋಣಿಕೊಪ್ಪದ ಬಸ್ಸಿಗೆ ಕಾಯುವ ಹುಡುಗರಿಗೆಲ್ಲ ಆ ಮುಖ ಗೊತ್ತು. ಆದರೆ ಅವರು ನಮ್ಮ ಕೊಡಗಿನ ಅಳಿಯ ಎನ್ನುವುದು ಎಷ್ಟು ಮಂದಿಗೆ ಗೊತ್ತು? ಒಂದು ಅದ್ಭುತ ಕಥೆಯನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೊರಗೆ ಬಿಡಲಾರದೆ ಒದ್ದಾಡಿದರು ಎನ್ನುವುದು?

ಮೊದಲ ಪುಸ್ತಕಕ್ಕೇನೂ ತಡವಾಗಲಿಲ್ಲ. ಅದು ಮನೆಯ ಜಗಳದಲ್ಲೇ ಹುಟ್ಟಿದ್ದು.

ಹೋದರೆ ಬರುತ್ತಾನೋ?

1960. ಧಾರವಾಡದ ಹುಡುಗನಿಗೆ ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿದೆ, ಆಕ್ಸ್‌ಫರ್ಡ್‌ಗೆ ಹೊರಡಬೇಕು. ವಯಸ್ಸು ಇಪ್ಪತ್ತೆರಡು. ಊರೆಲ್ಲ ಶಭಾಸ್ ಎಂದರೆ ಮನೆಯಲ್ಲಿ ಆತಂಕ! ಹೋದವನು ವಾಪಸ್ಸು ಬರುತ್ತಾನೋ, ಅಲ್ಲೇ ಬಿಳಿ ಹುಡುಗಿಯನ್ನು ಕಟ್ಟಿಕೊಂಡು ಕೂತುಬಿಡುತ್ತಾನೋ? ಅಪ್ಪ ಅಮ್ಮನಿಗೆ ಅದೇ ಚಿಂತೆ. ಹುಡುಗನಿಗೋ ರೇಗಿ ಹೋಯಿತು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದು ಕನಸು ಕಾಣುತ್ತಿದ್ದವನು ಆ ಕಾವಿನಲ್ಲಿ ಬರೆದದ್ದು ಕನ್ನಡ ನಾಟಕ. ಅದೂ ಯಾವ ಕಥೆ? ಮಗನ ಯೌವನವನ್ನೇ ಕೇಳಿ ಪಡೆದ ಮುದುಕ ರಾಜ ಯಯಾತಿಯದ್ದು! ತನ್ನ ಭವಿಷ್ಯವನ್ನು ಬಲಿ ಕೇಳುವ ಹಿರಿಯರ ಮೇಲಿನ ಸಿಟ್ಟೇ ಆ ಕಥೆಯನ್ನು ಹುಡುಕಿಕೊಂಡಿತು ಎಂದು ಆಮೇಲೆ ಕಾರ್ನಾಡರೇ ಹೇಳಿಕೊಂಡಿದ್ದಾರೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅಚ್ಚು ಹಾಕಿತು.

ನಾವು ಕೊಡಗಿನವರು ಇಲ್ಲಿ ಸ್ವಲ್ಪ ಮೀಸೆ ತಿರುವಬಹುದು. ಯಯಾತಿಯನ್ನು ನಮ್ಮ ಹರದಾಸ ಅಪ್ಪಚ್ಚ ಕವಿ 1906ರಲ್ಲೇ ಕೊಡವ ತಕ್ಕಿನಲ್ಲಿ ರಂಗಕ್ಕೆ ತಂದಿದ್ದರು ಸ್ವಾಮಿ!

ಅಂದ ಹಾಗೆ, ಹೆತ್ತವರ ಭಯ ಸುಳ್ಳಾಯಿತು. 1963ರಲ್ಲಿ ಹುಡುಗ ವಾಪಸ್ಸು ಬಂದ, ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸಕ್ಕೆ ಸೇರಿದ. 1964ರಲ್ಲಿ ‘ತುಘಲಕ್’, 1971ರಲ್ಲಿ ತಲೆ ಅದಲು ಬದಲಾಗುವ ‘ಹಯವದನ’.

ಕೂಗುವ ಹಿಟ್ಟು

ಆದರೆ ಹದಿಹರೆಯದಲ್ಲೇ ಅವರ ತಲೆ ಹೊಕ್ಕಿದ್ದ ಕಥೆ ಬೇರೆಯೇ. ಜನ್ನ ಕವಿ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯದ್ದು. ರಾಣಿ ಅರ್ಧರಾತ್ರಿಯಲ್ಲಿ ಒಂದು ಹಾಡು ಕೇಳಿ ಮರುಳಾಗುತ್ತಾಳೆ. ಹಾಡಿದವನು ಕುರೂಪಿ ಮಾವುತ! ಮತ್ತಿಗೋಡು, ದುಬಾರೆಯ ಆನೆ ಶಿಬಿರ ಕಂಡ ನಮಗೆ ಮಾವುತ ಹೊಸಬನಲ್ಲ, ಆದರೆ ಇಂಥ ಮಾವುತನನ್ನು ಯಾವ ಸಿನಿಮಾದಲ್ಲೂ ನಾನಂತೂ ಕಂಡಿಲ್ಲ. ದೋಷ ಕಳೆಯಲು ಬಲಿ ಕೊಡು ಎಂದು ರಾಜಮಾತೆಯ ಹಟ. ಜೀವಹಿಂಸೆ ಬೇಡ, ಹಿಟ್ಟಿನ ಹುಂಜ ಮಾಡಿ ಕಡಿಯೋಣ ಎಂಬ ರಾಜಿ. ಕತ್ತಿ ಬಿತ್ತು ನೋಡಿ, ಹಿಟ್ಟಿನ ಹುಂಜ ಕೂಗಿಬಿಟ್ಟಿತು!

ಕಾರ್ನಾಡರ ಕೈಯಲ್ಲಿ ಇದು ಪಕ್ಕಾ ಸಂಸಾರದ ಕಥೆ. ಜೈನ ಹೆಂಡತಿಗಾಗಿ ರಾಜ ಹಿಂಸೆ ಬಿಟ್ಟಿದ್ದಾನೆ, ತಾಯಿಗೆ ಬಲಿ ಇಲ್ಲದೆ ಪೂಜೆಯೇ ಇಲ್ಲ. ಅತ್ತೆ ಸೊಸೆ ನಡುವೆ ಸಿಕ್ಕಿಬಿದ್ದವನ ಪಾಡು ನಿಮಗೆ ನಾನು ಬಿಡಿಸಿ ಹೇಳಬೇಕೇ? ‘ಯಯಾತಿ’ಯಲ್ಲಿ ಮಗನ ಸಿಟ್ಟೊಂದೇ ಸಾಕಾಗಿತ್ತು. ಇಲ್ಲಿ ಅಮ್ಮನೂ ಸರಿ, ಹೆಂಡತಿಯೂ ಸರಿ. ಇಪ್ಪತ್ತೆರಡರ ಹುಡುಗನಿಗೆ ಅದು ದಕ್ಕುವ ಮಾತಲ್ಲ.

ಸಿನಿಮಾದಿಂದ ತಡವಾಯಿತು ಎನ್ನುವವರಿರಬಹುದು. ನಿಜ, ‘ಸಂಸ್ಕಾರ’ (1970), ‘ಕಾಡು’ (1973), ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕುರ್ಚಿ, ಶಂಕರ್‌ನಾಗ್‌ರನ್ನು ನಮಗೆ ಕೊಟ್ಟ ‘ಒಂದಾನೊಂದು ಕಾಲದಲ್ಲಿ’ (1978), ಎಲ್ಲ ಆ ಹತ್ತು ವರ್ಷದ್ದೇ. ಆದರೆ ಆ ಗಡಿಬಿಡಿಯಲ್ಲೇ 1977ರಲ್ಲಿ ‘ಅಂಜುಮಲ್ಲಿಗೆ’ ಬಂತಲ್ಲ? ಅದಕ್ಕೇ ನಾನು ಸಿನಿಮಾವನ್ನು ದೂರುವುದಿಲ್ಲ. ಶಂಕರ್‌ನಾಗ್ ಅಭಿಮಾನಿಗಳಂತೂ ದೂರಲೇಬಾರದು!

ಎರಡೂ ಒಂದೇ ವರ್ಷ

‘ಹಿಟ್ಟಿನ ಹುಂಜ’ ಕೊನೆಗೆ ಬಂದದ್ದು 1980ರಲ್ಲಿ. ಮಜಾ ನೋಡಿ, ಅದೇ ವರ್ಷ ಕಾರ್ನಾಡರ ಮದುವೆ. ಹುಡುಗಿ ಡಾ. ಸರಸ್ವತಿ ಗಣಪತಿ, ತಂದೆ ಕೊಡವರು, ತಾಯಿ ಪಾರ್ಸಿ. ಮದ್ರಾಸಿನ ಪಾರ್ಟಿಯೊಂದರಲ್ಲಿ ಭೇಟಿಯಾಗಿ ಹತ್ತು ವರ್ಷದ ಮೇಲೆ ಮದುವೆ, ಮದುಮಗನಿಗೆ ನಲವತ್ತೆರಡು. ಬಿಳಿ ಹುಡುಗಿಗೆ ಹೆದರಿದ್ದ ಮನೆಗೆ ಬಂದದ್ದು ಕೊಡಗಿನ ಮಗಳು!

ಹುಂಜ ಅಲ್ಲಿಗೂ ಸುಮ್ಮನಾಗಲಿಲ್ಲ. ಕಾರ್ನಾಡರು ಅದನ್ನು ಮತ್ತೆ ಬಿಚ್ಚಿ, ಮತ್ತೆ ಕಟ್ಟಿ, ಇಂಗ್ಲಿಷಿನಲ್ಲಿ ‘ಬಲಿ’ ಮಾಡಿದರು. 2002ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಅದು ರಂಗ ಏರಿದಾಗ, ಹದಿಹರೆಯದಲ್ಲಿ ಕಥೆ ಹಿಡಿದಿದ್ದ ಹುಡುಗನಿಗೆ ಅರವತ್ತು ದಾಟಿತ್ತು.