ನೀವು ಕಳಿಸಿದ ಫೋಟೋವನ್ನು ಕಣ್ಣು ಕಾಣದವರ ಫೋನ್ ಓದಬಲ್ಲದೇ?

"ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕೊನೆಯ ದಿನ ಹತ್ತಿರ ಬಂದಿದೆ, ಎಲ್ಲರಿಗೂ ತಲುಪಿಸಿ." ಇಂಥ ಸಂದೇಶಗಳು ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುತ್ತಲೇ ಇರುತ್ತವೆ. ಎಷ್ಟೋ ಸಲ ವಿವರಗಳೆಲ್ಲ ಇರುವುದು ಜೊತೆಗಿನ ಸುತ್ತೋಲೆಯ ಫೋಟೋದಲ್ಲಿ. ನಾವು ನೋಡುತ್ತೇವೆ, ಮುಂದಕ್ಕೆ ಕಳಿಸುತ್ತೇವೆ. ಗುಂಪಿನಲ್ಲಿ ಕಣ್ಣು ಕಾಣದ ವಿದ್ಯಾರ್ಥಿಯೊಬ್ಬರಿದ್ದರೆ ಅವರ ಫೋನ್ "ಫೋಟೋ" ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಕೊನೆಯ ದಿನಾಂಕ ಯಾವುದು, ಯಾವ ದಾಖಲೆ ಬೇಕು ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಕಣ್ಣು ಕಾಣದವರು ಫೋನ್ ಬಳಸುತ್ತಾರೆಯೇ?

"ಅವರಿಗೆ ಸ್ಮಾರ್ಟ್‌ಫೋನ್ ಯಾಕೆ?" ಎಂದು ಕೇಳುವವರಿದ್ದಾರೆ. ಇದು ತಪ್ಪು ಕಲ್ಪನೆ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್ ಮೊದಲೇ ಇರುತ್ತವೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಇವು ಕನ್ನಡವನ್ನೂ ಓದಬಲ್ಲವು. ಬೆರಳಾಡಿಸಿದಲ್ಲಿ ಏನಿದೆ ಎಂದು ಕೇಳಿಸಿಕೊಂಡು, ಎರಡು ಸಲ ತಟ್ಟಿ ತೆರೆಯುತ್ತಾರೆ. ಹೀಗೆಯೇ ಹಣ ಕಳಿಸುತ್ತಾರೆ, ಟಿಕೆಟ್ ಕಾಯ್ದಿರಿಸುತ್ತಾರೆ, ಪರೀಕ್ಷೆಗೆ ಓದುತ್ತಾರೆ. 2011ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ಅವರಲ್ಲಿ ಸುಮಾರು 50 ಲಕ್ಷ ಮಂದಿಗೆ ದೃಷ್ಟಿಯ ತೊಂದರೆ ಇತ್ತು.

ತೊಡಕು ಎಲ್ಲಿದೆ?

ಸ್ಕ್ರೀನ್ ರೀಡರ್ ಓದುವುದು ಅಕ್ಷರಗಳನ್ನು. ಫೋಟೋದಲ್ಲಿರುವ ಅಕ್ಷರ ನಮ್ಮ ಕಣ್ಣಿಗೆ ಅಕ್ಷರ, ಫೋನಿಗೆ ಬರೀ ಬಣ್ಣದ ಚುಕ್ಕೆಗಳು. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಹೀಗೆಯೇ. ಫೋಟೋದಲ್ಲಿನ ಬರಹವನ್ನು ಗುರುತಿಸುವ ತಂತ್ರಜ್ಞಾನ ಈಗ ಬಂದಿದೆ, ನಿಜ. ಆದರೆ ಮಸುಕಾದ ಫೋಟೋ, ಕೈಬರಹ, ಅಲಂಕಾರದ ಅಕ್ಷರ, ಕೋಷ್ಟಕಗಳಲ್ಲಿ ಅದು ಎಡವುತ್ತದೆ. ದಿನಾಂಕದ ಒಂದು ಅಂಕಿ ತಪ್ಪಿದರೂ ಅರ್ಜಿ ಹಾಕುವ ಅವಕಾಶ ಕೈತಪ್ಪುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿರುತ್ತಾರೆ. ಅದನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಾಗದ ಗೀಚುಗಳು ಬರುವುದನ್ನು ನೀವೂ ನೋಡಿರಬಹುದು. ಸ್ಕ್ರೀನ್ ರೀಡರ್‌ಗೆ ಕೇಳಿಸುವುದೂ ಅದೇ ಗೀಚು. ಯೂನಿಕೋಡ್‌ನಲ್ಲಿ ಬರೆದ ಕನ್ನಡವನ್ನು ಮಾತ್ರ ಅದು ಕನ್ನಡವಾಗಿ ಓದುತ್ತದೆ.

ಜಾಲತಾಣಗಳು ಏನು ಮಾಡಬೇಕು?

ಇದಕ್ಕೆ ಜಗತ್ತಿನಾದ್ಯಂತ ಒಪ್ಪಿತ ನಿಯಮಗಳಿವೆ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಲ್ಲೇ ಮೊದಲ ಮಾರ್ಗಸೂಚಿ ಹೊರಡಿಸಿತು. ಪ್ರತಿ ಚಿತ್ರದ ಹಿಂದೆ ಅದರ ವಿವರಣೆ ಬರೆದಿರಬೇಕು. ಪ್ರತಿ ಬಟನ್‌ಗೂ ಹೆಸರಿರಬೇಕು, ಇಲ್ಲದಿದ್ದರೆ "ಹಣ ಪಾವತಿಸಿ" ಎನ್ನುವ ಬದಲು ಬರೀ "ಬಟನ್" ಎಂದು ಕೇಳಿಸುತ್ತದೆ. ವಿಡಿಯೋಗಳಿಗೆ ಉಪಶೀರ್ಷಿಕೆ ಇದ್ದರೆ ಕಿವಿ ಕೇಳದವರಿಗೂ ತಿಳಿಯುತ್ತದೆ. ಬೆಳ್ಳಗಿನ ಹಿನ್ನೆಲೆಯಲ್ಲಿ ತಿಳಿ ಬೂದು ಅಕ್ಷರ ಬೇಡ. ಬಿಸಿಲಲ್ಲಿ ನಿಂತು ಫೋನ್ ನೋಡುವವರಿಗೂ, ವಯಸ್ಸಾದ ನಮ್ಮ ತಂದೆತಾಯಿಗೂ ಇದರಿಂದ ಅನುಕೂಲವೇ.

ಕಾನೂನು ಏನು ಹೇಳುತ್ತದೆ?

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. ಡಿಜಿಟಲ್ ಮಾಹಿತಿ ವಿಕಲಚೇತನರಿಗೂ ದಕ್ಕುವಂತಿರಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆನ್‌ಲೈನ್ ಕೆವೈಸಿ ಮಾಡುವಾಗ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುವುದುಂಟು. ಆಸಿಡ್ ದಾಳಿಯಲ್ಲಿ ಕಣ್ಣು ಕಳೆದುಕೊಂಡವರು ಏನು ಮಾಡಬೇಕು? ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮುಟ್ಟಿತು. ಡಿಜಿಟಲ್ ಸೇವೆಗಳು ದಕ್ಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ನ್ಯಾಯಾಲಯ ತೀರ್ಪಿತ್ತಿತು. ಕೆವೈಸಿಗೆ ಕಣ್ಣು ಮಿಟುಕಿಸುವುದರ ಬದಲು ಬೇರೆ ದಾರಿಯನ್ನೂ ಕೊಡಬೇಕು ಎಂಬುದು ಅದರ 20 ನಿರ್ದೇಶನಗಳಲ್ಲಿ ಒಂದು.

ನಾವು ನೀವು ಏನು ಮಾಡಬಹುದು?

• ಸುತ್ತೋಲೆಯ ಫೋಟೋ ಕಳಿಸುವಾಗ ಮುಖ್ಯ ವಿಷಯವನ್ನು ಕೆಳಗೆ ಎರಡು ಸಾಲಲ್ಲಿ ಟೈಪ್ ಮಾಡಿ: ಏನು, ಯಾರಿಗೆ, ಯಾವಾಗ, ಎಲ್ಲಿ.
• ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್‌ಗಳಲ್ಲಿ ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ ಬರೆಯುವ ಜಾಗವಿದೆ, ಅದನ್ನು ಬಳಸಿ.
• ಒಂದು ಪದ ಬರೆದು ಹತ್ತು ಇಮೋಜಿ ಹಾಕಬೇಡಿ. ಸ್ಕ್ರೀನ್ ರೀಡರ್ ಅವುಗಳ ಹೆಸರನ್ನೂ ಓದುತ್ತದೆ.
• ಸಂಘ, ಶಾಲೆ, ಪಂಚಾಯಿತಿಯ ಪ್ರಕಟಣೆ ನಿಮ್ಮ ಕೈಯಲ್ಲಿದ್ದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ.

ನಂಬಿಕೆ ಬರದಿದ್ದರೆ ನೀವೇ ಪರೀಕ್ಷಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ಟಾಕ್‌ಬ್ಯಾಕ್ ಅಥವಾ ವಾಯ್ಸ್‌ಓವರ್ ಆನ್ ಮಾಡಿ. ಆನ್ ಆದ ಮೇಲೆ ಯಾವುದನ್ನೇ ತೆರೆಯಲು, ಅದನ್ನು ಆಫ್ ಮಾಡಲು ಕೂಡ, ಒಮ್ಮೆ ಮುಟ್ಟಿ ನಂತರ ಎರಡು ಸಲ ತಟ್ಟಬೇಕು ಎಂಬುದು ನೆನಪಿರಲಿ. ಈಗ ಕಣ್ಣು ಮುಚ್ಚಿ, ನೀವು ಕೊನೆಯದಾಗಿ ಕಳಿಸಿದ ಫಾರ್ವರ್ಡ್ ಮೇಲೆ ಬೆರಳಿಡಿ. ಏನು ಕೇಳಿಸಿತು?