ಶ್ರದ್ಧೆಯೂ ಅವಧಾನವೂ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ಸೀಮೆಯ ದಾರಿಗಳೆಲ್ಲ ಸವದತ್ತಿಯ ಕಡೆಗೆ ತಿರುಗುತ್ತವೆ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಹಳ್ಳಿಗಳಿಂದ ಹೊರಟ ಬಂಡಿಗಳು, ಈಗೀಗ ಟ್ರ್ಯಾಕ್ಟರು ಬಸ್ಸುಗಳು, ಎಲ್ಲಮ್ಮನ ಗುಡ್ಡವನ್ನು ಸೇರುತ್ತವೆ. ಜೋಗುಳಭಾವಿಯಲ್ಲಿ ಮಿಂದು, ಹಣೆಗೆ ಭಂಡಾರ ಹಚ್ಚಿಕೊಂಡು, ಉಧೋ ಉಧೋ ಎನ್ನುತ್ತ ಗುಡ್ಡವೇರುವ ಆ ಜನಸ್ತೋಮದಲ್ಲಿ ಕೊರಳಿಗೆ ಕರಡಿಗೆ ಧರಿಸಿದವರು ಕಡಮೆಯೇನಲ್ಲ. ಆಕ್ಷೇಪಿಸುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಮುಂಜಾನೆ ಕರಸ್ಥಲದ ಲಿಂಗವನ್ನು ದಿಟ್ಟಿಸಿದ ಕಣ್ಣೇ ಮಧ್ಯಾಹ್ನ ಗುಡ್ಡದ ಕಳಸವನ್ನು ನೋಡುತ್ತದೆ. ಮನಸ್ಸಿಗೆ ಅದರಲ್ಲಿ ವಿರೋಧವೇ ತೋರುವುದಿಲ್ಲ. ಶಾಸ್ತ್ರವು ಬೇರೆಬೇರೆಯಾಗಿ ಇರಿಸಿದ್ದನ್ನು ಶ್ರದ್ಧೆಯು ಹೇಗೆ ಕೂಡಿಸುತ್ತದೆ, ಮತ್ತು ಆ ಶ್ರದ್ಧೆಯು ಮನುಷ್ಯನಿಂದ ಏನೇನನ್ನು ಮಾಡಿಸುತ್ತದೆ ಎಂಬುದನ್ನು ವಿಚಾರಿಸುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ನಂಬಿಕೆ, ಆಮೇಲೆ ನಡೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಈ ಕ್ರಮವನ್ನೇ ತಲೆಕೆಳಗು ಮಾಡಿದನು. ದೇಹ ಮೊದಲು ಮಿಡಿಯುತ್ತದೆ, ಆ ಮಿಡಿತದ ಅರಿವೇ ಭಾವ ಎಂಬುದು ಆತನು 1884ರಲ್ಲಿ ಮಂಡಿಸಿದ ಸಿದ್ಧಾಂತ. ನಮ್ಮ ಹಿರಿಯರಿಗೆ ಇದು ಹೊಸ ಮಾತಾಗಿ ತೋರುತ್ತಿರಲಿಲ್ಲ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಐದನ್ನು ಧರ್ಮದ ಪ್ರಾಣವೆಂದು ಕರೆದರಲ್ಲವೆ? ಐದೂ ಆಚಾರಗಳೇ, ಅವುಗಳಲ್ಲಿ ಒಂದೂ ಬರಿಯ ಅಭಿಪ್ರಾಯವಲ್ಲ. ದಿನವೂ ಮಿಂದು, ವಿಭೂತಿ ಧರಿಸಿ, ಬೆನ್ನು ನೆಟ್ಟಗೆ ಮಾಡಿ ಕುಳಿತು, ಎಡಗೈಯ ಮೇಲೆ ದೃಷ್ಟಿ ನಿಲ್ಲಿಸಿದ ಬಾಲಕನಿಗೆ ತತ್ತ್ವ ತಿಳಿಯದಿರಬಹುದು. ಆದರೆ ಅವನ ಉಸಿರು ನಿಧಾನವಾಗುತ್ತದೆ, ಮನಸ್ಸು ಒಂದೆಡೆ ನಿಲ್ಲುವುದನ್ನು ಕಲಿಯುತ್ತದೆ. ಪರೀಕ್ಷೆಯ ದಿನ ಗದ್ದುಗೆಯ ಮುಂದಿನ ಸಾಲು ಉದ್ದವಾಗುವುದನ್ನು ಉಪಾಧ್ಯಾಯರಾದ ನಾವು ಪ್ರತಿವರ್ಷವೂ ಕಾಣುತ್ತೇವೆ, ನಗುತ್ತೇವೆ. ಅಂಜಿದ ಹುಡುಗನ ಕೈನಡುಕ ಅಲ್ಲಿ ನಿಂತುಬಂದ ಮೇಲೆ ತಗ್ಗಿರುವುದನ್ನೂ ಕಾಣುತ್ತೇವೆ.

ಆದರೆ ಶ್ರದ್ಧೆಯು ಆದಿಯೇ ಹೊರತು ಅಂತ್ಯವಲ್ಲ. ಷಟ್‌ಸ್ಥಲ ಶಾಸ್ತ್ರದಲ್ಲಿ ಭಕ್ತನದು ಶ್ರದ್ಧಾಭಕ್ತಿ, ಮಾಹೇಶ್ವರನದು ನಿಷ್ಠಾಭಕ್ತಿ. ಮೂರನೆಯವನಾದ ಪ್ರಸಾದಿಯದು ಅವಧಾನಭಕ್ತಿ. ಅನುಭಾವ, ಆನಂದ, ಸಮರಸಗಳು ಅದರಾಚೆಗೆ. ಅವಧಾನವೆಂದರೆ ಎಚ್ಚರ, ತಾನು ಕೊಳ್ಳುವುದೇನು, ಕೊಡುವುದೇನು ಎಂದು ಅರಿತು ನಡೆಯುವ ಎಚ್ಚರ. ಶ್ರದ್ಧೆ ನಿಷ್ಠೆಗಳಲ್ಲಿಯೇ ನಿಂತುಬಿಟ್ಟ ಮನಸ್ಸು ಒಳ್ಳೆಯದನ್ನೂ ಮಾಡೀತು, ಘೋರವಾದುದನ್ನೂ ಮಾಡೀತು. ಎರಡನ್ನೂ ಅಷ್ಟೇ ದೃಢವಾಗಿ.

ಹರಕೆಯನ್ನೇ ತೆಗೆದುಕೊಳ್ಳೋಣ. ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ 1829ರಲ್ಲಿ ತೀರಿಕೊಂಡಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಸೋತು ಮಡಿದ ಆ ವೀರನ ಸಮಾಧಿಯ ಬಳಿಯ ಆಲಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟುತ್ತ ಬಂದಿದ್ದಾರೆ. ಆ ಹರಕೆ ಒಂದು ಮರದ ತೊಟ್ಟಿಲಲ್ಲಿ ಮುಗಿಯುತ್ತದೆ, ಯಾರಿಗೂ ನೋವಿಲ್ಲ. ಗುಡ್ಡದ ದೇವಿಗೆ ಹೊತ್ತ ಹರಕೆಯೂ ಬಹುಮಟ್ಟಿಗೆ ಹೋಳಿಗೆ ಕಡುಬುಗಳಲ್ಲಿ, ಪಡಲಗಿ ತುಂಬುವುದರಲ್ಲಿ ಮುಗಿಯುತ್ತಿತ್ತು. ಆದರೆ ಕೆಲವು ಬಡ ಮನೆಗಳಲ್ಲಿ ಅದು ಮಗಳಿಗೆ ಮುತ್ತು ಕಟ್ಟುವುದರಲ್ಲಿ ಮುಗಿಯುತ್ತಿತ್ತು.

ಅದು ಹೇಗೆ ನಡೆಯುತ್ತಿತ್ತೆಂಬುದನ್ನು ನೋಡಿದರೆ ಮನಸ್ಸಿನ ವ್ಯಾಪಾರ ವಿಶದವಾಗುತ್ತದೆ. ಎಣ್ಣೆ ಬಾಚಣಿಗೆ ಕಾಣದ ಕೂದಲು ಧೂಳು ಬೆವರುಗಳಿಂದ ಗಂಟುಗಟ್ಟುವುದು ಸಹಜ. ಅದನ್ನು ನೋಡಿ ಯಾರೋ ಒಬ್ಬರು 'ಜಡೆ ಬಂದಿದೆ, ಅಮ್ಮ ಕರೆದಿದ್ದಾಳೆ' ಎನ್ನುತ್ತಾರೆ. ಅಲ್ಲಿಗೆ ಸಂಗತಿಗೆ ಹೆಸರು ಬಿತ್ತು. ಹೆಸರಿನ ಬೆನ್ನಿಗೆ ಕರ್ತವ್ಯವೂ ಬಂತು. ಆಮೇಲೆ ಎಮ್ಮೆ ಸತ್ತರೂ ಮಳೆ ತಪ್ಪಿದರೂ ಅದಕ್ಕೆ ಕಾರಣ ಆ ಜಡೆಯೇ. ಹೊಂದಿದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಹೊಂದದ್ದು ಮರೆತುಹೋಗುತ್ತದೆ. ತಂದೆತಾಯಿಗಳು ಕ್ರೂರಿಗಳಾಗಿರಲಿಲ್ಲ, ಅಂಜಿದವರಾಗಿದ್ದರು. ಆ ಅಂಜಿಕೆಯಿಂದ ಲಾಭ ಪಡೆದ ಉಳ್ಳವರ ಮಾತು ಬೇರೆ. ಅವರಲ್ಲಿ ಶ್ರದ್ಧೆಯನ್ನು ಹುಡುಕುವುದು ವ್ಯರ್ಥ. ಈ ಸಂಕಟಕ್ಕೆ ಒಳಗಾದವರು ಹೆಚ್ಚಾಗಿ ದಲಿತರ ಹೆಣ್ಣುಮಕ್ಕಳೆಂಬುದನ್ನು ಮರೆಯಲಾಗದು.

ಸೋಜಿಗವೆಂದರೆ ಗುಡ್ಡದ ಕಥೆಯೇ ಅವಧಾನದ ಕಥೆ. ರೇಣುಕೆ ಮಲಪ್ರಭೆಯ ಮರಳಿನಿಂದಲೇ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು, ಜಮದಗ್ನಿಯ ಪೂಜೆಗೆ ನೀರು ತರುತ್ತಿದ್ದಳು. ಮನಸ್ಸು ಒಂದಾಗಿರುವಷ್ಟು ದಿನ ಮರಳು ಕೊಡವಾಗಿ ನಿಂತಿತು. ದೇವಿಯನ್ನು ಬಿಡದೆಯೂ ಇದನ್ನು ಬೋಧಿಸಬಹುದಾಗಿತ್ತು. ಗುಡ್ಡಕ್ಕೆ ಹೋಗಬೇಡಿರೆಂದು ಗದರಿಸಿದ ಉಪದೇಶಕರ ಮಾತು ಹುಣ್ಣಿಮೆಯ ಬಂಡಿಗಳನ್ನು ಎಂದೂ ತಡೆದಿಲ್ಲ.

ಕಾಯಿದೆಯೊಂದೇ ಸಾಲಲಿಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಯ ಶಾಸನವಾಗಿತ್ತು. ಆದರೂ 1982ರಲ್ಲಿ ಕರ್ನಾಟಕವು ಮತ್ತೊಂದು ನಿಷೇಧ ಶಾಸನವನ್ನು ಮಾಡಬೇಕಾಯಿತು. ಪದ್ಧತಿ ಗುಡ್ಡದಿಂದ ಸರಿದು ಮನೆಗಳ ಒಳಗೆ ಗುಟ್ಟಾಗಿ ನಡೆಯತೊಡಗಿತು. ಹೆಚ್ಚಿನ ಬದಲಾವಣೆ ತಂದವರು ಆ ನೋವುಂಡ ಹೆಂಗಸರೇ. ಬಾಲ್ಯದಲ್ಲಿಯೇ ದೇವದಾಸಿಯಾಗಿದ್ದ ಸೀತವ್ವ ಜೋಡಟ್ಟಿಯವರು ಬೆಳಗಾವಿ ಜಿಲ್ಲೆಯಲ್ಲಿ ತಮ್ಮಂಥವರ ಸಂಘಟನೆಯನ್ನು ಮುನ್ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಜಡೆ ಎಂಬ ಹೆಸರಿನ ಭಾರವನ್ನು ಹೊತ್ತವರು ಆಡಿದ ಮಾತನ್ನು ತಾಯಂದಿರು ಕೇಳಿದರು. ಧರ್ಮವನ್ನು ಅದರ ಬೇರಿನಿಂದಲ್ಲ, ಫಲದಿಂದ ಅಳೆಯಬೇಕೆಂದು ಅದೇ ಜೇಮ್ಸ್ 1902ರ ತನ್ನ ಗ್ರಂಥದಲ್ಲಿ ವಾದಿಸಿದ್ದಾನೆ. ಆ ಫಲವನ್ನು ತಮ್ಮ ಮೈಮೇಲೆ ಕಂಡವರು ಈ ತಾಯಂದಿರ ಎದುರಿಗೇ ಕುಳಿತಿದ್ದರು.

ನಮ್ಮ ಪಾಲಿನ ಕೆಲಸ ಚಿಕ್ಕದು. ಗಂಟುಗಟ್ಟಿದ ಕೂದಲನ್ನು ಊರಿಗಿಂತ ಮೊದಲು ಕಾಣುವವರು ತರಗತಿಯ ಉಪಾಧ್ಯಾಯರು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೊಠಡಿಗಳನ್ನು ಕಟ್ಟಿಸುವಾಗ ಬಡ ಹೆಣ್ಣುಮಕ್ಕಳ ಮೀಯುವ ನೀರಿಗೆ, ಎಣ್ಣೆಗೆ, ಬಾಚಣಿಗೆಗೆ ಇಷ್ಟೆಂದು ತೆಗೆದಿರಿಸಿದರೆ, ಯಾರೋ ಹೆಸರಿಡುವ ಮುನ್ನವೇ ಆ ಗಂಟು ಬಿಚ್ಚಿಕೊಂಡೀತು.