ಸರ್ಟಿಫಿಕೇಟ್ ಸಿಕ್ಕರೆ ಸಿಸ್ಟಮ್ಸ್ ಇಂಜಿನಿಯರ್ ಆದಂತೆಯೇ?

'ಮೂರೇ ದಿನದ ಕೋರ್ಸ್, ಸಿಸ್ಟಮ್ಸ್ ಇಂಜಿನಿಯರ್ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ' ಎಂಬಂಥ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ದುಡ್ಡು ಕಟ್ಟುವ ಮೊದಲು, ಆ ಕೆಲಸಕ್ಕೆ ಏನು ಬರಬೇಕು, ಎಷ್ಟು ಬರಬೇಕು ಎಂದು ನೋಡೋಣ.

ಸಿಸ್ಟಮ್ಸ್ ಇಂಜಿನಿಯರ್ ಎಂದರೆ ಕಂಪ್ಯೂಟರ್ ರಿಪೇರಿ ಮಾಡುವವರಲ್ಲ. ಕೆಲವು ಸಾಫ್ಟ್‌ವೇರ್ ಕಂಪನಿಗಳು ಹೊಸಬರಿಗೂ ಇದೇ ಹುದ್ದೆಯ ಹೆಸರು ಕೊಡುತ್ತವೆ, ಅದು ಬೇರೆ. ಉಪಗ್ರಹ, ವಿಮಾನ, ಮೆಟ್ರೋದಂಥ ದೊಡ್ಡ ವ್ಯವಸ್ಥೆಯ ಭಾಗಗಳನ್ನು ಹಲವು ತಂಡಗಳು ಮಾಡುತ್ತವೆ. ಅವೆಲ್ಲ ಒಂದಕ್ಕೊಂದು ಹೊಂದಿ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಇವರ ಹೊಣೆ.

ಹೊಂದದಿದ್ದರೆ ಏನಾಗುತ್ತದೆ? 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳವನ್ನು ತಲುಪುವಾಗಲೇ ನಾಶವಾಯಿತು. ಒಂದು ಸಾಫ್ಟ್‌ವೇರ್ ಲೆಕ್ಕವನ್ನು ಪೌಂಡ್ ಬಲದಲ್ಲಿ ಕೊಟ್ಟಿತ್ತು. ಅದನ್ನು ಬಳಸಿದವರು ನ್ಯೂಟನ್ ಎಂದುಕೊಂಡಿದ್ದರು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಎಡವಟ್ಟಾದದ್ದು ಇಬ್ಬರ ಕೆಲಸ ಸೇರುವ ಜಾಗದಲ್ಲಿ.

ಇಂಥ ಹೊಣೆ ಹೊರಲು ಬೇಕಾದ ಕೌಶಲಗಳನ್ನು ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಇನ್‌ಕೋಸ್ ಪಟ್ಟಿ ಮಾಡಿದೆ. 2018ರ ಪಟ್ಟಿಯಲ್ಲಿ 36 ಕೌಶಲಗಳಿವೆ. ಲೆಕ್ಕಾಚಾರದ ಜೊತೆ ಮಾತುಕತೆ, ಮುಂದಾಳತ್ವವೂ ಇವೆ. ಪ್ರತಿ ಕೌಶಲಕ್ಕೂ ಐದು ಮಟ್ಟ. ಭಾಗಗಳನ್ನು ಹೊಂದಿಸುವ ಕೌಶಲವನ್ನೇ ತೆಗೆದುಕೊಂಡರೆ, ಸರಳವಾಗಿ ಹೀಗೆ ಹೇಳಬಹುದು:

1. ಅರಿವು: ಎರಡೂ ಕಡೆ ಅಳತೆ ಒಂದೇ ಇರಬೇಕು ಎಂಬುದು ಗೊತ್ತು.
2. ಮೇಲ್ವಿಚಾರಣೆಯಲ್ಲಿ ಕೆಲಸ: ಹಿರಿಯರು ನೋಡಿಕೊಳ್ಳುತ್ತಿದ್ದರೆ ಮಾಡಬಲ್ಲರು.
3. ಸ್ವತಂತ್ರ ಕೆಲಸ: ತಂಡಗಳನ್ನು ಕೂರಿಸಿ, ಅಳತೆ ಒಪ್ಪಿಸಿ, ಪರೀಕ್ಷಿಸಿ ನೋಡಬಲ್ಲರು.
4. ಮುಂದಾಳು: ಇಡೀ ಸಂಸ್ಥೆಗೆ ಸರಿಯಾದ ಪದ್ಧತಿ ಹಾಕಿಕೊಡಬಲ್ಲರು.
5. ಪರಿಣತರು: ಸಂಸ್ಥೆಯ ಹೊರಗಿನವರೂ ಇವರನ್ನು ಕೇಳಿ ಮುಂದುವರಿಯುತ್ತಾರೆ.

ಒಬ್ಬರೇ ಒಂದು ಕೌಶಲದಲ್ಲಿ ನಾಲ್ಕನೇ ಮಟ್ಟದಲ್ಲಿದ್ದು, ಇನ್ನೊಂದರಲ್ಲಿ ಎರಡನೆಯದರಲ್ಲಿ ಇರಬಹುದು. ಮಟ್ಟ ತೀರ್ಮಾನವಾಗುವುದು ಮಾಡಿ ತೋರಿಸಿದ ಕೆಲಸದಿಂದ.

ಹಾಗಾದರೆ ಸರ್ಟಿಫಿಕೇಟಿಗೆ ಬೆಲೆಯೇ ಇಲ್ಲವೇ? ಇದೆ. ಇನ್‌ಕೋಸ್ ಕೊಡುವ ಮೊದಲ ಹಂತದ ಪ್ರಮಾಣಪತ್ರಕ್ಕೆ ಪರೀಕ್ಷೆ ಪಾಸಾದರೆ ಸಾಕು, ಅನುಭವ ಬೇಕಿಲ್ಲ. ಮುಂದಿನ ಹಂತಕ್ಕೆ ಕನಿಷ್ಠ 5 ವರ್ಷದ ಅನುಭವ ಬೇಕು. ಆ ಕೆಲಸವನ್ನು ಬಲ್ಲವರು ದೃಢಪಡಿಸಬೇಕು.

ಮೂರು ದಿನದ ಒಳ್ಳೆಯ ಕೋರ್ಸ್ ಮೊದಲ ಮಟ್ಟದ ಅರಿವು ಕೊಡಬಹುದು. ಅದಕ್ಕಿಂತ ಹೆಚ್ಚಿನ ಭರವಸೆ ಕೊಟ್ಟರೆ ಮೂರು ಪ್ರಶ್ನೆ ಕೇಳಿ: ಯಾವ ಕೌಶಲ? ಯಾವ ಮಟ್ಟ? ಅದನ್ನು ಅಳೆಯುವವರು ಯಾರು? ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ, ಮೆಸೇಜನ್ನು ಫಾರ್ವರ್ಡ್ ಕೂಡ ಮಾಡಬೇಡಿ.